ರೋಬೋ ಯಾಕೆ ನಿಂತಿತು ಅಂತ ಯಾರೂ ಕೇಳಲಿಲ್ಲ



ಉದ್ದದ ಪೋಸ್ಟು. ಮಧ್ಯದಲ್ಲಿ ಬ್ಯಾಟರಿ, ವೈರು, ಬ್ಲೂಟೂತು ಅಂತೆಲ್ಲ ಬರುತ್ತೆ. ಅಲ್ಲಿಗೆ ಬಂದ ಕೂಡಲೇ ಲೈಕ್ ಒತ್ತಿ ಹೋಗಬೇಡಿ, ವಿಷಯ ಇರೋದೇ ಅಲ್ಲಿ.

ಶಿಕಾರಿಪುರದ ಕಡೆಯ ಒಂದು ಹಾಸ್ಟೆಲ್ಲು, ಸೊರಬದ ಕಡೆಯ ಒಂದು ಹಾಸ್ಟೆಲ್ಲು, ಎರಡೂ ಕಡೆಯ ಮಕ್ಕಳು ಈಚೆಗೆ ಒಂದು ರೋಬೋಟ್ ಸ್ಪರ್ಧೆಗೆ ಹೋಗಿದ್ದರು. ಮೊಬೈಲಿನಿಂದ ಬ್ಲೂಟೂತ್ ಮೂಲಕ ಓಡಿಸುವ ನಾಲ್ಕು ಚಕ್ರದ ಸಣ್ಣ ಗಾಡಿ. ಡಬ್ಬಿಗಳನ್ನು ತಳ್ಳಿಕೊಂಡು ಹೋಗಿ ಗೆರೆ ದಾಟಿಸಬೇಕು, ಅಷ್ಟೇ ಆಟ. ಶಿಕಾರಿಪುರದವರ ಗಾಡಿ ಎರಡು ಅಡಿ ಹೋಗಿ ಡಬ್ಬಿಗೆ ತಾಗಿದ್ದೇ ತಡ, ನಿಂತುಬಿಡ್ತು. ಸೊರಬದವರದ್ದು ಮೊಬೈಲಿಗೆ ಕನೆಕ್ಟೇ ಆಗಲಿಲ್ಲ. ಹಿಂದಿನ ರಾತ್ರಿ ಹಾಸ್ಟೆಲ್ ವರಾಂಡದಲ್ಲಿ ಇದೇ ಎರಡು ಗಾಡಿಗಳು ಚೆನ್ನಾಗಿಯೇ ಓಡಿದ್ದವು.

ಅಲ್ಲಿದ್ದ ಒಬ್ಬರು ತುಂಬಾ ಪ್ರೀತಿಯಿಂದಲೇ ಹೇಳಿದರಂತೆ: "ಪಾಪ, ಇವರಿಗೆ ಇದೆಲ್ಲ ಹೊಸದು. ಈ ಲೆವೆಲ್ಲಿಗೆ ಬಂದಿದ್ದೇ ದೊಡ್ಡದು." ಭಾಗವಹಿಸಿದ ಸರ್ಟಿಫಿಕೇಟ್ ಕೊಟ್ಟು ಕಳಿಸಿದರು. ಪಕ್ಕದ ಟೇಬಲ್ಲಿನಲ್ಲಿ ದೊಡ್ಡ ಫೀಸಿನ ಶಾಲೆಯ ತಂಡವೊಂದಿತ್ತು. ಅವರ ಗಾಡಿಯೂ ಒಮ್ಮೆ ನಿಂತಿತ್ತು. ಅವರಿಗೆ "ಟೆಕ್ನಿಕಲ್ ಪ್ರಾಬ್ಲಮ್" ಅಂತ ಹತ್ತು ನಿಮಿಷ ಹೆಚ್ಚಿಗೆ ಸಿಕ್ಕಿತು.

ನೋಡಿ, ಕಾಯಿಲೆ ಒಂದೇ, ಹೆಸರು ಎರಡು. ಅವರ ಗಾಡಿ ನಿಂತರೆ ಗಾಡಿಯ ದೋಷ, ನಮ್ಮ ಮಕ್ಕಳ ಗಾಡಿ ನಿಂತರೆ ಮಕ್ಕಳ ಲೆವೆಲ್ಲು. ಬೈದಿದ್ದರೆ ಜಗಳ ಆಡಬಹುದಿತ್ತು. ಪ್ರೀತಿಯಿಂದ "ಪಾಪ" ಅಂದವರ ಹತ್ತಿರ ಏನು ಜಗಳ ಆಡ್ತೀರಿ?

ನಾನು ಐಟಿಐ ಮಾಡಿ ಕೆಲವು ವರ್ಷ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದವನು. ಎರಡೂ ಗಾಡಿಗಳನ್ನು ತರಿಸಿ, ಮಕ್ಕಳನ್ನೂ ಕೂರಿಸಿಕೊಂಡು ನೋಡಿದೆವು.

ಮೊದಲು ಶಿಕಾರಿಪುರದ ಗಾಡಿ. ಇದರಲ್ಲಿ ಇರೋದು ಆರ್ಡುಯಿನೋ ಬೋರ್ಡು, ಅದಕ್ಕೆ ಎಚ್‌ಸಿ-05 ಅನ್ನೋ ಬ್ಲೂಟೂತ್ ಮಾಡ್ಯೂಲು. ಮುನ್ನೂರು, ನಾನೂರು ರೂಪಾಯಿಯ ಹೆಬ್ಬೆರಳಿನಷ್ಟು ಸಾಮಾನು. ಅದರ ಮೇಲೊಂದು ಪುಟ್ಟ ಎಲ್ಇಡಿ ಇರುತ್ತೆ. ಫೋನ್ ಸಿಗದೆ ಹುಡುಕ್ತಾ ಇರುವಾಗ ಪಟಪಟ ಅಂತ ಮಿಟುಕುತ್ತೆ. ಕನೆಕ್ಟ್ ಆದ ಮೇಲೆ ಎರಡು ಸಲ ಮಿಟುಕಿ ಸುಮ್ಮನಾಗಿ, ಮತ್ತೆ ಎರಡು ಸಲ. "ಗಾಡಿ ನಿಂತಾಗ ಆ ಲೈಟು ಹೇಗಿತ್ತು?" ಅಂತ ಕೇಳಿದೆ. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ತಕ್ಷಣ ಹೇಳಿದಳು: "ಅಣ್ಣ, ಡಬ್ಬಿಗೆ ತಾಗಿದ ಕೂಡ್ಲೇ ಪಟಪಟ ಅಂತ ಹೊಡ್ಕೊಳ್ಳೋಕೆ ಶುರುವಾಯ್ತು. ಡಬ್ಬಿ ಇಲ್ದಾಗ ಹಂಗಾಗ್ತಿರ್ಲಿಲ್ಲ."

ಗೆಳೆಯರೇ, ಇಡೀ ರೋಗ ಆ ಒಂದು ಮಾತಲ್ಲಿದೆ. ಆ ಮಗು ಸ್ಪರ್ಧೆಯ ಜಾಗದಲ್ಲೇ ಅದನ್ನು ಗಮನಿಸಿದ್ದಳು. ಅಲ್ಲಿ ಅವಳನ್ನು ಕೇಳಿದವರು ಯಾರೂ ಇರಲಿಲ್ಲ.

ಸಂಜೆ ಪಂಪ್‌ಸೆಟ್ ಚಾಲೂ ಮಾಡಿದಾಗ ಮನೆ ಬಲ್ಬು ಮಂಕಾಗೋದು ನಮ್ಮೂರುಗಳಲ್ಲಿ ಯಾರಿಗೆ ಗೊತ್ತಿಲ್ಲ? ಇದೂ ಹಾಗೇ. ಮೋಟಾರು ಸುಮ್ಮನೆ ತಿರುಗುವಾಗ ಕಡಿಮೆ ಕರೆಂಟ್ ಎಳೆಯುತ್ತೆ. ಎದುರಿಗೆ ಭಾರ ಬಂದು ಚಕ್ರ ತಡೆದಾಗ ಒಮ್ಮೆಲೇ ಹಲವು ಪಟ್ಟು ಎಳೆಯುತ್ತೆ. ಇವರು ಹಾಕಿದ್ದು ಆ ಚೌಕಾಕಾರದ 9 ವೋಲ್ಟಿನ ಬ್ಯಾಟರಿ. ನಾಲ್ಕು ಮೋಟಾರು ಎಳೆಯುವ ಶಕ್ತಿ ಅದಕ್ಕಿಲ್ಲ. ವೋಲ್ಟೇಜು ಕುಸಿದ ತಕ್ಷಣ ಬ್ಲೂಟೂತ್ ಆಫ್ ಆಗಿ ಮತ್ತೆ ಆನ್ ಆಗುತ್ತೆ, ಲೈಟು ಪಟಪಟ ಅನ್ನುತ್ತೆ, ಮೊಬೈಲಿನಲ್ಲಿ "ಡಿಸ್ಕನೆಕ್ಟೆಡ್" ಅಂತ ಬರುತ್ತೆ. ನೋಡಿದವರು ವೈರ್‌ಲೆಸ್ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಕೆಟ್ಟಿರೋದು ಹೊಟ್ಟೆ, ಹೊಟ್ಟೆಗೆ ಹಾಕಿದ್ದು ಸಾಲದು.

ಬ್ಯಾಟರಿಗೆ ಸುಮ್ಮನೆ ಮೀಟರ್ ಹಿಡಿದರೆ ಒಂಬತ್ತೇ ತೋರಿಸುತ್ತೆ. ಚಕ್ರವನ್ನು ಕೈಯಲ್ಲಿ ಒತ್ತಿ ಹಿಡಿದು ಮೋಟಾರು ಓಡಿಸುತ್ತಾ ಮೀಟರ್ ನೋಡಬೇಕು, ಆಗ ಸತ್ಯ ಹೊರಗೆ ಬರುತ್ತೆ. (ಒಂದೆರಡು ಸೆಕೆಂಡು ಸಾಕು, ಹೆಚ್ಚು ಹೊತ್ತು ಹಿಡಿದರೆ ಮೋಟಾರು ಸುಡುತ್ತೆ.) ಜೊತೆಗೆ ಈ ಕಿಟ್‌ಗಳಲ್ಲಿ ಸಾಮಾನ್ಯವಾಗಿ ಬರುವ ಎಲ್298ಎನ್ ಅನ್ನೋ ಮೋಟಾರ್ ಡ್ರೈವರ್ ತಾನೇ ಸುಮಾರು ಎರಡು ವೋಲ್ಟ್ ತಿಂದುಬಿಡುತ್ತೆ. ಮೋಟಾರಿಗೆ ಬೇರೆ, ಎರಡು ಲಿಥಿಯಂ ಸೆಲ್ಲು ಹಾಕಿದೆವು. ಬೋರ್ಡಿಗೆ ಬೇರೆ ಬ್ಯಾಟರಿ. ಎರಡರ ನೆಗೆಟಿವ್ ಒಟ್ಟಿಗೆ ಸೇರಿಸಿದೆವು, ಅದನ್ನು ಮರೆತರೆ ಮತ್ತೆ ತಲೆನೋವು. ಮೋಟಾರಿನ ಎರಡು ಕಾಲಿಗೆ ಅಡ್ಡಲಾಗಿ 104 ಅಂತ ಬರೆದ ಸಣ್ಣ ಕೆಪಾಸಿಟರ್, ಬ್ರಷ್ಷಿನ ಕಿಡಿಯ ಗಲಾಟೆ ಕಡಿಮೆಯಾಗಲಿ ಅಂತ. ಆಮೇಲೆ ಡಬ್ಬಿ ಏನು, ಅಕ್ಕಿ ತುಂಬಿದ ಡಬ್ಬ ಇಟ್ಟರೂ ತಳ್ಳಿತು.

ಸೊರಬದವರ ಕತೆ ಬೇರೆ, ನನಗೆ ಹೆಚ್ಚು ಸಿಟ್ಟು ತರಿಸಿದ್ದೂ ಅದೇ. ಎಚ್‌ಸಿ-05 ಕೊಂಡಾಗ ಎಲ್ಲದರ ಹೆಸರೂ ಎಚ್‌ಸಿ-05, ಪಾಸ್‌ವರ್ಡ್ 1234. ಒಮ್ಮೆ ಜೋಡಿಯಾದ ಫೋನು ಆ ಮಾಡ್ಯೂಲಿನ ವಿಳಾಸ ನೆನಪಿಟ್ಟುಕೊಳ್ಳುತ್ತೆ, ಹಾಗಾಗಿ ಹಾಸ್ಟೆಲಿನಲ್ಲಿ ತೊಂದರೆ ಆಗಿರಲಿಲ್ಲ. ಆದರೆ ಪ್ರಾಕ್ಟೀಸ್ ಮಾಡಿದ ಫೋನು ಮಕ್ಕಳದ್ದಲ್ಲ, ಮೇಷ್ಟ್ರದ್ದು. ಸ್ಪರ್ಧೆಯ ದಿನ ಮೇಷ್ಟ್ರಿಗೆ ಬೇರೆ ಡ್ಯೂಟಿ. ಜೊತೆಗೆ ಹೋದ ಒಬ್ಬ ಹುಡುಗನ ಅಪ್ಪನ ಫೋನು ತಗೊಂಡರು. ಹೊಸ ಫೋನು ಅಂದಮೇಲೆ ಹೊಸದಾಗಿ ಜೋಡಿಸಬೇಕು. ಹುಡುಕಿದರೆ ಹಾಲಿನಲ್ಲಿ ಸಾಲಾಗಿ ಹನ್ನೆರಡು ಎಚ್‌ಸಿ-05! ನಮ್ಮದು ಯಾವುದು? ಒಂದಕ್ಕೆ ಒತ್ತಿದರೆ ಯಾರದ್ದೋ, ಇನ್ನೊಂದಕ್ಕೆ ಒತ್ತಿದರೆ ಅದಾಗಲೇ ಇನ್ಯಾರ ಜೊತೆಗೋ ಸೇರಿದೆ, ಯಾಕಂದ್ರೆ ಅದು ಒಂದು ಸಲಕ್ಕೆ ಒಂದೇ ಫೋನಿನ ಜೊತೆ ಮಾತಾಡೋದು. ಇವರದ್ದನ್ನೇ ಬೇರೆ ಯಾರಾದರೂ ಹಿಡಿದಿದ್ದರೂ ಆಶ್ಚರ್ಯವಿಲ್ಲ, ಎಲ್ಲರ ಪಾಸ್‌ವರ್ಡೂ ಒಂದೇ ತಾನೆ. ಸಾಲದ್ದಕ್ಕೆ ಆಂಡ್ರಾಯ್ಡ್ 12ರಿಂದ ಈಚೆಗೆ "ಹತ್ತಿರದ ಸಾಧನ"ಗಳನ್ನು ನೋಡಲು ಆಪ್‌ಗೆ ಅನುಮತಿ ಕೊಡಬೇಕು. ಅದೂ ಕೊಟ್ಟಿರಲಿಲ್ಲ. ಅಪ್ಪನ ಫೋನಲ್ಲಿ ಏನೋ ಕೇಳ್ತು ಅಂತ ಹೆದರಿ "ಬೇಡ" ಒತ್ತಿದ್ದಾನೆ ಹುಡುಗ.

ಸರಿ ಮಾಡೋಕೆ ಹತ್ತು ನಿಮಿಷ. ಮಾಡ್ಯೂಲಿನ ಮೇಲಿನ ಸಣ್ಣ ಬಟನ್ ಒತ್ತಿ ಹಿಡಿದು ಪವರ್ ಕೊಟ್ಟರೆ ಲೈಟು ನಿಧಾನಕ್ಕೆ ಮಿಟುಕುತ್ತೆ. ಆಗ 38400 ವೇಗದಲ್ಲಿ ಕಮ್ಯಾಂಡ್ ಕೊಟ್ಟು ಹೆಸರು, ಪಾಸ್‌ವರ್ಡ್ ಎರಡನ್ನೂ ಬದಲಿಸಬಹುದು. ಈಗ ಸೊರಬದ ಗಾಡಿಯ ಹೆಸರು ಭೀಮಾ, ಶಿಕಾರಿಪುರದ್ದು ಸಾವಿತ್ರಿ. ಹೆಸರು ಮಕ್ಕಳೇ ಇಟ್ಟಿದ್ದು.

ಸ್ವಂತ ಫೋನಿಲ್ಲದ ಮಗು, ಸ್ವಂತ ಫೋನಿರುವ ಮಗು ಒಂದೇ ಹಾಲಿನಲ್ಲಿ ನಿಂತಾಗ ಸ್ಪರ್ಧೆ ಸಮಾನವಾಗಿ ಶುರುವಾಯ್ತು ಅಂತ ಹೇಗೆ ಹೇಳ್ತೀರಿ? ಫೋನು ಇಲ್ಲದ್ದು ಮನೆಯ ಬಡತನ, ಅದು ಕಣ್ಣಿಗೆ ಕಾಣಲಿಲ್ಲ. ಕಂಡದ್ದು "ಲೆವೆಲ್ಲು" ಮಾತ್ರ.

ಇಂಥದ್ದು ದೊಡ್ಡವರಿಗೂ ಆಗಿದೆ. ಅಮೆರಿಕದಲ್ಲಿ ಫಸ್ಟ್ ಅನ್ನೋ ಸಂಸ್ಥೆ ವಿದ್ಯಾರ್ಥಿಗಳ ದೊಡ್ಡ ರೋಬೋಟ್ ಸ್ಪರ್ಧೆ ನಡೆಸುತ್ತೆ. 2012ರಲ್ಲಿ ಸೇಂಟ್ ಲೂಯಿಸ್ ನಗರದಲ್ಲಿ ನಡೆದ ಚಾಂಪಿಯನ್‌ಶಿಪ್‌ನಲ್ಲಿ, ಐನ್‌ಸ್ಟೈನ್ ಅಂತ ಹೆಸರಿಟ್ಟ ಅಂತಿಮ ಅಂಕಣದಲ್ಲೇ ರೋಬೋಗಳು ಒಂದಾದ ಮೇಲೊಂದು ಸಂಪರ್ಕ ಕಡಿದುಕೊಂಡು ನಿಂತವು. ಆ ಸಂಸ್ಥೆ ಏನು ಮಾಡಿತು? ಆ ತಂಡಗಳನ್ನು ಮತ್ತೆ ಕರೆಸಿ ಪರೀಕ್ಷೆ ಮಾಡಿತು. ಜುಲೈ ತಿಂಗಳಲ್ಲಿ ತನಿಖಾ ವರದಿಯನ್ನು ಎಲ್ಲರೂ ಓದುವ ಹಾಗೆ ಪ್ರಕಟಿಸಿತು. ಒಬ್ಬ ವ್ಯಕ್ತಿ ತನ್ನ ಫೋನಿನಿಂದ ರೋಬೋಗಳ ವೈಫೈಗೆ ಬೇಕಂತಲೇ ತೊಂದರೆ ಕೊಟ್ಟದ್ದು ಗೊತ್ತಾಯಿತು. ಕೆಲವು ರೋಬೋಗಳಲ್ಲೇ ಇದ್ದ ದೋಷಗಳೂ ಹೊರಗೆ ಬಂದವು. ಕಾರಣ ಹುಡುಕೋದು ಅಂದ್ರೆ ಇದು. ನಮ್ಮಲ್ಲಿ ಒಂದು "ಪಾಪ"ದಲ್ಲಿ ಫೈಲು ಕ್ಲೋಸ್.

ಈಗ ಲ್ಯಾಬಿನ ವಿಷಯಕ್ಕೆ ಬರ್ತೀನಿ. ನೀತಿ ಆಯೋಗದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆ 2016ರಲ್ಲಿ ಶುರುವಾಯಿತು. ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿವರೆಗೆ ಕೊಡ್ತಾರೆ, ಆರರಿಂದ ಹನ್ನೆರಡನೇ ಕ್ಲಾಸಿನ ಮಕ್ಕಳಿಗಾಗಿ. 2025ರ ಕೇಂದ್ರ ಬಜೆಟ್ಟಿನಲ್ಲಿ, ಐದು ವರ್ಷದಲ್ಲಿ ಸರ್ಕಾರಿ ಶಾಲೆಗಳಿಗೆ ಇನ್ನೂ 50,000 ಲ್ಯಾಬ್ ಅಂತ ಘೋಷಣೆಯಾಯಿತು. ಒಳ್ಳೆಯದೇ. ಆದರೆ ಟಿಂಕರಿಂಗ್ ಅನ್ನೋ ಪದ ನಮಗೆ ಹೊಸದಲ್ಲ. ಯಾವ ಪೇಟೆಗೆ ಹೋದರೂ ಗ್ಯಾರೇಜಿನ ಮುಂದೆ "ಟಿಂಕರಿಂಗ್ ಅಂಡ್ ಪೇಂಟಿಂಗ್" ಅಂತ ಬೋರ್ಡು ಇರುತ್ತೆ. ಅಲ್ಲಿ ಕೆಲಸ ಮಾಡುವ ಹುಡುಗರು ಯಾರ ಮಕ್ಕಳು ಅಂತ ನಿಮಗೆ ಗೊತ್ತು. ಅಲ್ಲಿ ಏನು ಬೇಕಾದರೂ ಮುಟ್ಟಬಹುದು, ಬಿಚ್ಚಬಹುದು, ಕೈ ಸುಟ್ಟುಕೊಳ್ಳಬಹುದು. ಶಾಲೆಯ ಲ್ಯಾಬಿನಲ್ಲಿ ಮಾತ್ರ ಕಿಟ್ಟು ಬೀರುವಿನಲ್ಲಿ, ಬೀಗದ ಕೈ ಒಬ್ಬರ ಜೇಬಿನಲ್ಲಿ. "ಮುಟ್ಟಬೇಡಿ, ಹಾಳಾದರೆ ಆಡಿಟ್ಟಿನಲ್ಲಿ ನಾನು ಉತ್ತರ ಕೊಡಬೇಕು."

ಆ ಮೇಷ್ಟ್ರ ಕಷ್ಟ ನನಗೆ ಅರ್ಥವಾಗುತ್ತೆ. ಮುರಿದ ಸಾಮಾನಿಗೆ ಸಂಬಳದಲ್ಲಿ ಹಿಡಿಯುತ್ತಾರೆ ಅನ್ನೋ ಭಯ ಇದ್ದವರು ಬೀಗ ಹಾಕದೆ ಇನ್ನೇನು ಮಾಡ್ತಾರೆ? ಆದರೆ "ಮುಟ್ಟಬೇಡಿ" ಅನ್ನೋ ಮಾತು ನಮ್ಮ ಮಕ್ಕಳ ಕಿವಿಗೆ ಬೀಳುವಾಗ ಅದರ ಹಿಂದೆ ಎಷ್ಟು ಕಾಲದ ಸದ್ದು ಇದೆ ಅಂತ ಹೇಳಬೇಕಾ? ಬಾಬಾಸಾಹೇಬರು ಶಾಲೆಗೆ ಗೋಣಿತಟ್ಟು ಹೊತ್ತುಕೊಂಡು ಹೋಗಿದ್ದು, ನಲ್ಲಿ ಮುಟ್ಟುವಂತಿಲ್ಲದೆ ಪ್ಯೂನ್ ಬಾರದ ದಿನ ಬಾಯಾರಿಕೊಂಡೇ ಇದ್ದದ್ದು ನಮಗೆಲ್ಲ ಬಾಯಿಪಾಠ. ತಾಳಗುಂದದ ಶಾಸನ, ಬಳ್ಳಿಗಾವಿಯ ಕೋಡಿಯ ಮಠದ ವಿದ್ಯೆ ಅಂತ ನಮ್ಮ ತಾಲ್ಲೂಕಿನ ಭಾಷಣಗಳಲ್ಲಿ ಹೆಮ್ಮೆ ಪಡ್ತಾರಲ್ಲ, ಆಗ ನಮ್ಮ ಮುತ್ತಜ್ಜಂದಿರು ಎಲ್ಲಿ ನಿಂತಿದ್ದರು ಅಂತಲೂ ಒಂದು ಸಾಲು ಸೇರಿಸಲಿ.

ವೈರ್‌ಲೆಸ್ ದೋಷ ಹುಡುಕೋದು ಪುಸ್ತಕ ಓದಿ ಬರೋದಲ್ಲ. ಹತ್ತು ಸಲ ಕೆಟ್ಟು, ಹತ್ತು ಸಲ ಬಿಚ್ಚಿ ಜೋಡಿಸಿದ ಕೈಗೆ ಬರೋದು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ನೋಡೋ ತಾಳ್ಮೆ ಹಾಗೇ ಬೆಳೆಯುತ್ತೆ. ಆ ದೊಡ್ಡ ಶಾಲೆಯ ಮಕ್ಕಳ ಹತ್ತಿರ ಎರಡನೇ ಮಾಡ್ಯೂಲಿತ್ತು, ಚಾರ್ಜ್ ಆದ ಎರಡನೇ ಬ್ಯಾಟರಿ ಇತ್ತು, ಹಿಂದೆ ಒಬ್ಬ ಕೋಚ್ ಇದ್ದರು. ಇದನ್ನೇ ಆಮೇಲೆ ಮೆರಿಟ್ ಅಂತ ಕರೀತಾರೆ.

ಒಬ್ಬ ಹಿರಿಯ ಸಂಗಾತಿ ಫೋನ್ ಮಾಡಿ ಬೈದರು: "ಬಗರ್‌ಹುಕುಂ ಅರ್ಜಿ ಕೊಳೀತಾ ಬಿದ್ದಿವೆ, ಸ್ಮಶಾನಕ್ಕೆ ಜಾಗ ಇಲ್ಲ, ನೀನು ಆಟದ ಗಾಡಿ ಹಿಂದೆ ಬಿದ್ದಿದೀಯಲ್ಲ ಮಾರಾಯ." ಗೌರವ ಇಟ್ಟುಕೊಂಡೇ ಹೇಳ್ತೀನಿ. ಇದೇ ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ 1986ರಲ್ಲಿ ಬೆತ್ತಲೆ ಸೇವೆಯ ವಿರುದ್ಧ ದಸಂಸದವರು ನಿಂತು ಏಟು ತಿಂದರು. ಅವರು ಕೇಳಿದ್ದು "ಇದು ಯಾಕೆ ಹೀಗೆ?" ಅಂತ. ಹರಕೆ, ಹಣೆಬರಹ ಅಂದವರಿಗೆ ಕಾರಣ ಕೇಳಿದರು. ಒಂಬತ್ತನೇ ಕ್ಲಾಸಿನ ಆ ಹುಡುಗಿ ಲೈಟಿನ ಮಿಟುಕು ಗಮನಿಸಿ ಕಾರಣ ಹೇಳಿದ್ದು ನನಗೆ ಬೇರೆ ಕೆಲಸ ಅನ್ನಿಸೋದಿಲ್ಲ. ಭೂಮಿಯೂ ಬೇಕು, ಲ್ಯಾಬಿನ ಕೀಲಿಯೂ ಬೇಕು.

ಬೇಡಿಕೆ ದೊಡ್ಡದೇನಲ್ಲ. ಎಸ್‌ಸಿ, ಎಸ್‌ಟಿ ಹಾಸ್ಟೆಲ್ಲು, ವಸತಿ ಶಾಲೆಗಳಲ್ಲಿ ಲ್ಯಾಬು ಇದ್ದರೆ ಸಂಜೆ ಎರಡು ಗಂಟೆ ತೆರೆದಿರಲಿ. ಒಡೆಯುವ ಸಾಮಾನಿಗೆ ಅಂತಲೇ ವರ್ಷಕ್ಕೊಂದು ಮೊತ್ತ ಇಡಲಿ, ಆಗ ಮೇಷ್ಟ್ರಿಗೂ ಭಯ ಇರಲ್ಲ. ತಂಡಕ್ಕೊಂದು ಮಲ್ಟಿಮೀಟರು, ತಂಡದ ಹೆಸರಿನಲ್ಲೇ ಒಂದು ಹಳೆ ಆಂಡ್ರಾಯ್ಡ್ ಫೋನು. ದುಡ್ಡಿಲ್ಲ ಅನ್ನೋ ಹಾಗಿಲ್ಲ. 2013ರ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆ ಇದೆ, ಜನಸಂಖ್ಯೆಗೆ ತಕ್ಕ ಶೇ. 24.1 ಪಾಲು ಇದೆ. 7ಡಿ ತೆಗೆಸೋಕೆ ಎಷ್ಟು ವರ್ಷ ಬೀದಿಯಲ್ಲಿ ಕೂಗಿದ್ದೀವಿ, ಆ ದುಡ್ಡಿನ ಲೆಕ್ಕ ಕೇಳುವಾಗ ರಸ್ತೆ, ಚರಂಡಿಯ ಜೊತೆ ಇದನ್ನೂ ಕೇಳೋಣ. ಸ್ಪರ್ಧೆ ನಡೆಸುವವರಿಗೆ ಒಂದೇ ಮಾತು: ರಿಪೇರಿಗೆ ಹತ್ತು ನಿಮಿಷ ಕೊಡೋದಾದರೆ ಎಲ್ಲರಿಗೂ ಕೊಡಿ, ನಿಯಮದಲ್ಲೇ ಬರೆದುಬಿಡಿ.

ಬರುವ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಶಿರಾಳಕೊಪ್ಪದಲ್ಲಿ ಎರಡೂ ತಂಡದವರು ಕೂರ್ತಾ ಇದ್ದೀವಿ. ಸ್ಪರ್ಧೆಯ ಹಾಲಿನ ಹಾಗೇ ಇರಲಿ ಅಂತ ಎಲ್ಲರ ಫೋನಿನ ಬ್ಲೂಟೂತು, ಹಾಟ್‌ಸ್ಪಾಟು ಆನ್ ಮಾಡಿ, ಆ ಗದ್ದಲದ ನಡುವೆ ಭೀಮಾ ಮತ್ತು ಸಾವಿತ್ರಿ ಓಡಿಸಿ ನೋಡ್ತೀವಿ. ಮನೇಲಿ ಸುಮ್ಮನೆ ಬಿದ್ದಿರೋ ಆಂಡ್ರಾಯ್ಡ್ ಫೋನು, ಮಲ್ಟಿಮೀಟರು, ಸೋಲ್ಡರಿಂಗ್ ಐರನ್ನು ಇದ್ದವರು ತಗೊಂಡು ಬನ್ನಿ. ಪಾಲಿಟೆಕ್ನಿಕ್, ಐಟಿಐ ಓದಿದ ನಮ್ಮ ಹುಡುಗರು, ಹುಡುಗಿಯರು ದಯವಿಟ್ಟು ಬನ್ನಿ. ಜಾಗ ಎಲ್ಲಿ ಅಂತ ಇನ್‌ಬಾಕ್ಸಲ್ಲಿ ಕೇಳಿ, ಹೇಳ್ತೀನಿ. ಮಧ್ಯಾಹ್ನದ ಊಟ ನಮ್ಮದು.