ಹೆಸರು ಹಿಡಿದು ಕರೆದ ಪೋರ

ಫಿನ್ಲೆಂಡಿನ ಔಲು ನಗರದ ಶಾಲೆಯಲ್ಲಿ ಮೊದಲ ದಿನವೇ ಏಳು ವರ್ಷದ ಪೋರನೊಬ್ಬ ನನ್ನನ್ನು ಹೆಸರು ಹಿಡಿದು ಕರೆದ. ಇಪ್ಪತ್ತು ವರ್ಷ ‘ಮೇಷ್ಟ್ರೇ’ ಕೇಳಿಸಿಕೊಂಡ ಕಿವಿ, ಬಿಸಿಯಾಗದೆ ಇರುತ್ತದೆಯೇ? ಅಲ್ಲಿ ಅದು ಉಡಾಫೆಯಲ್ಲ, ರೂಢಿ. ಇಲ್ಲವಾದರೆ ‘ಓಪೆ’ ಅನ್ನುತ್ತಾರೆ. ಶಿಕ್ಷಕರಿಗಿರುವ ‘ಓಪೆತ್ತಾಯ’ ಎಂಬ ಪದದ ಮೊಟಕು. ಆ ಭಾಷೆಯಲ್ಲಿ ಅವನು, ಅವಳು ಎರಡಕ್ಕೂ ‘ಹ್ಯಾನ್’ ಒಂದೇ. ಆಡುಮಾತಿನಲ್ಲಂತೂ ಮನುಷ್ಯರನ್ನೂ ‘ಸೆ’, ಅಂದರೆ ‘ಅದು’ ಎಂದುಬಿಡುತ್ತಾರೆ. ಗೌರವದ ಬಹುವಚನ ಇಲ್ಲವೆಂದಲ್ಲ, ಶಾಲೆಯಲ್ಲಿ ಅದನ್ನು ಕೇಳಿದ ನೆನಪಿಲ್ಲ. ಬಾಗಿಲಲ್ಲೇ ಶೂ ಬಿಚ್ಚಿಟ್ಟು ಕಾಲುಚೀಲದಲ್ಲಿ ಪಾಠ ಮಾಡುವುದು ಮಾತ್ರ ನಮ್ಮ ಮನೆಗೆ ಬಂದಷ್ಟೇ ಸಲೀಸಾಗಿತ್ತು. 45 ನಿಮಿಷ ಪಾಠ, 15 ನಿಮಿಷ ಬಿಡುವು. ಮೈನಸ್ ಹತ್ತರ ಚಳಿಯಲ್ಲೂ ಮಕ್ಕಳು ಹೊರಗೇ ಆಡಬೇಕು, ಕಾಯಲು ನಾನೂ ಹಿಮದಲ್ಲಿ ನಿಲ್ಲಬೇಕು. ಡಿಸೆಂಬರಿನಲ್ಲಿ ಹಗಲೆಂಬುದು ಮೂರೂವರೆ ತಾಸು. ಸ್ಟಾಫ್ ರೂಮಿನಲ್ಲಿ ಕಾಫಿ ಧಾರಾಳ, ಮಾತು ಕಡಿಮೆ. ಎದುರು ಕೂತವರು ಸುಮ್ಮನಿದ್ದರೆ ಮುನಿಸಲ್ಲವೆಂದು ಅರ್ಥವಾಗಲು ನನಗೆ ಒಂದು ಚಳಿಗಾಲ ಪೂರ್ತಿ ಹಿಡಿಯಿತು. ಊಟದ ಮೇಜು ಬೇರೆಯೇ ಲೋಕ. 1948ರಿಂದ ಅಲ್ಲಿ ಶಾಲಾ ಮಕ್ಕಳಿಗೆಲ್ಲ ಬಿಸಿಯೂಟ ಪುಕ್ಕಟೆ. ಮೇಷ್ಟ್ರೂ ಜೊತೆಗೆ ಕೂತು ಉಣ್ಣುತ್ತಾರೆ. ಗುರುವಾರ ಬಂತೆಂದರೆ ಬಟಾಣಿ ಸೂಪು. ನನ್ನದು ಮಾಂಸವಿಲ್ಲದ್ದು, ಒಗ್ಗರಣೆಯ ಸುಳಿವೂ ಇಲ್ಲದ್ದು. ಬಟ್ಟಲು ನೋಡುತ್ತ ಕೂತಿದ್ದೆ. ಅದೇ ಪೋರ ಅರೆದ ಸಾಸಿವೆಯ ಟ್ಯೂಬು ನನ್ನತ್ತ ತಳ್ಳಿ, ಕಲಸಿಕೋ ಎಂಬಂತೆ ಚಮಚ ತಿರುಗಿಸಿ ತೋರಿಸಿದ.