ಬೈಸಿಕಲ್ಲಿನ ದೀಪವೂ ಎದುರಿನವರ ಕಣ್ಣೂ

ಕೊಪ್ಪಳ ಜಿಲ್ಲೆಯ ಮಂಗಳೂರು ಕಡಲತೀರದ ಮಂಗಳೂರಲ್ಲ. ಕುಕನೂರು, ಯಲಬುರ್ಗೆಗಳ ಕಡೆಯ ಎರೆನೆಲದ ಊರು. ಅಲ್ಲಿ ಕೊನೆಯ ಬೀದಿದೀಪವನ್ನು ದಾಟಿದರೆ ಇರುಳು ಇನ್ನೂ ಇರುಳಾಗಿಯೇ ಉಳಿದಿದೆ. ಅಮಾವಾಸ್ಯೆಯ ಹತ್ತಿರದ ದಿನಗಳಲ್ಲಿ ಎದುರು ಬರುವವರ ಬಿಳಿಯ ಧೋತರವಲ್ಲದೆ ಬೇರೇನೂ ಕಾಣದು.

ಇಂಥದೊಂದು ರಾತ್ರಿ ನಾವು ಬೈಸಿಕಲ್ಲಿನ ಹ್ಯಾಂಡಲಿಗೆ ಎಲ್‌ಇಡಿ ಟಾರ್ಚೊಂದನ್ನು ಬಿಗಿದುಕೊಂಡು ಆ ಕಡೆಯಿಂದ ಬರುತ್ತಿದ್ದೆವು. ಎತ್ತುಗಳನ್ನು ಹೊಡೆದುಕೊಂಡು ಬರುತ್ತಿದ್ದ ಹಿರಿಯರೊಬ್ಬರು ಥಟ್ಟನೆ ನಿಂತರು. ಅಂಗೈಯನ್ನು ಕಣ್ಣಿಗೆ ಅಡ್ಡ ಹಿಡಿದು ಪಕ್ಕಕ್ಕೆ ಹೆಜ್ಜೆಯಿಟ್ಟವರು ರಸ್ತೆಯಂಚಿನ ತಗ್ಗಿಗೆ ಜಾರಿದರು. ಪುಣ್ಯಕ್ಕೆ ಪೆಟ್ಟಾಗಲಿಲ್ಲ. ನಾವು ಇಳಿದು ಕೈಹಿಡಿದು ಎತ್ತಿದಾಗ, "ತಮ್ಮಾ, ಬ್ಯಾಟರಿ ನೆಲಕ್ಕ ಹಿಡಿ. ನನ್ನ ಮಾರಿಗೆ ಯಾಕ ಹಿಡೀತಿ?" ಎಂದರು. ವರ್ಷವರ್ಷವೂ ಪರವಲಯ ದರ್ಪಣದ ಪಾಠ ಹೇಳುವ ನಮ್ಮಲ್ಲಿ ಉತ್ತರವಿರಲಿಲ್ಲ.

ತಪ್ಪು ನಮ್ಮದೇ ಸರಿ. ಆದರೆ ಅದರಲ್ಲಿ ದೀಪದ ರಚನೆಯ ಪಾಲೂ ಉಂಟು. ಟಾರ್ಚಿನ ಕನ್ನಡಿ ಬಟ್ಟಲಿನಂತೆ ಸುತ್ತಲೂ ಒಂದೇ ಸಮನಾಗಿರುತ್ತದೆ. ನಾಭಿಯಲ್ಲಿಟ್ಟ ಬಿಂದುವಿನಿಂದ ಹೊರಟ ಕಿರಣಗಳು ಅಲ್ಲಿ ಪ್ರತಿಫಲಿಸಿ ಸಮಾಂತರವಾಗಿ ಹೋಗುತ್ತವೆಂದು ಪಠ್ಯಪುಸ್ತಕ ಹೇಳುತ್ತದೆ. ನಿಜವಾದ ದೀಪವು ಬಿಂದುವಲ್ಲವಾದುದರಿಂದ ಅವು ಶಂಕುವಿನಂತೆ ಹರಡುತ್ತವೆ. ಇಂಥ ಟಾರ್ಚನ್ನು ನೇರವಾಗಿ ಮುಂದಕ್ಕೆ ಹಿಡಿದರೆ ಬೆಳಕಿನ ಅರ್ಧ ಪಾಲು ದೀಪದ ಮಟ್ಟಕ್ಕಿಂತ ಮೇಲಕ್ಕೆ, ಬೇವಿನ ಎಲೆಗಳಿಗೂ ಎದುರಿನವರ ಕಣ್ಣುಗಳಿಗೂ ವ್ಯಯವಾಗುತ್ತದೆ.

ಹಾಗಾದರೆ ಬಗ್ಗಿಸಿದರಾಯಿತಲ್ಲ ಎಂದು ವಾಚಕರು ಕೇಳಬಹುದು. ಬಗ್ಗಿಸಲೇಬೇಕು, ಆದರೆ ಅಷ್ಟರಿಂದ ಕೆಲಸ ಪೂರೈಸುವುದಿಲ್ಲ. ಬೆಳಕು ದೂರದ ವರ್ಗಕ್ಕೆ ವಿಲೋಮವಾಗಿ ಕುಂದುವುದು ಎಲ್ಲರೂ ಬಲ್ಲ ನಿಯಮ. ರಸ್ತೆಯ ಮೇಲಾದರೋ ಅದು ದೂರ ಹೋದಷ್ಟೂ ಓರೆಯಾಗಿ ಬಿದ್ದು, ಹೆಚ್ಚು ನೆಲಕ್ಕೆ ಹರಡಿ, ಇನ್ನೊಂದು ಬಾರಿ ಕುಂದುತ್ತದೆ. ಒಟ್ಟಿನಲ್ಲಿ ದೂರದ ಘನಕ್ಕೆ ವಿಲೋಮವೆನ್ನಬಹುದು. 5 ಮೀಟರ್ ದೂರದ ನೆಲಕ್ಕೆ ಬೀಳುವಷ್ಟೇ ಬೆಳಕು 20 ಮೀಟರ್ ದೂರದ ನೆಲಕ್ಕೂ ಬೀಳಬೇಕಾದರೆ ಆ ದಿಕ್ಕಿನಲ್ಲಿ ದೀಪದ ತೀವ್ರತೆ 4×4×4, ಅಂದರೆ 64 ಪಟ್ಟು ಇರಬೇಕು. ಆದುದರಿಂದ ಒಳ್ಳೆಯ ದೀಪದ ಕಿರಣಪುಂಜವು ತನ್ನ ಮೇಲಂಚಿನ ಕೆಳಗೇ ಅತ್ಯಂತ ಪ್ರಖರವಾಗಿದ್ದು, ಕೆಳಗಿಳಿದಂತೆ ಮೆಲ್ಲಗೆ ಕುಂದುತ್ತ, ಅಂಚಿನ ಮೇಲೆ ಕತ್ತರಿಸಿದಂತೆ ಕತ್ತಲಾಗಬೇಕು. ಟಾರ್ಚಿನ ಪ್ರಖರತೆಯಾದರೋ ನಟ್ಟನಡುವೆ ಇರುತ್ತದೆ. ಬಗ್ಗಿಸಿದರೆ ಚಕ್ರದ ಮುಂದೆ ಬೆಳಕಿನ ಮಡು, ಅದರಾಚೆ ಮೊದಲಿಗಿಂತ ದಟ್ಟವಾದ ಕತ್ತಲೆ.

ಕತ್ತರಿಸಿದ ಅಂಚು ಕೇವಲ ಕಲ್ಪನೆಯಲ್ಲ. ಬೈಸಿಕಲ್ಲಿನ ದೀಪವು 10 ಮೀಟರ್ ದೂರದಲ್ಲಿ ಕನಿಷ್ಠ 10 ಲಕ್ಸ್ ಬೆಳಕು ಕೊಡಬೇಕು, ಅಂಚಿನ ಮೇಲ್ಗಡೆ 2 ಲಕ್ಸ್ ಮೀರಬಾರದು ಎಂಬ ಬಗೆಯ ನಿಯಮ ಜರ್ಮನಿಯಲ್ಲಿದೆ. ಅಲ್ಲಿನ ತಯಾರಕರು ಎಲ್‌ಇಡಿಯನ್ನು ಎದುರಿಗೆ ಕಾಣದಂತೆ ಮರೆಯಲ್ಲಿಟ್ಟು, ಬಟ್ಟಲಿನ ಬದಲು ಬಾಗಿದ ಹಾಳೆಯಂಥ ಕನ್ನಡಿಯಿಂದ ಬೆಳಕನ್ನು ನೆಲಕ್ಕೆ ಹಂಚುತ್ತಾರೆ. ಬ್ಯಾಟರಿ ಅದೇ, ಎಲ್‌ಇಡಿ ಅದೇ. ಬದಲಾದುದು ಕನ್ನಡಿಯ ಆಕಾರವೊಂದೇ.

ಹಿಂದಿನ ಡೈನಮೋ ದೀಪಗಳು 6 ವೋಲ್ಟಿನವು; ಹಿಂದೀಪವೂ ಸೇರಿ 3 ವಾಟ್ ಮಾತ್ರ. ಅವು ಮಂಕಾಗಿದ್ದುದರಿಂದ ಅವುಗಳ ಒರಟುತನ ಯಾರಿಗೂ ತಟ್ಟಲಿಲ್ಲ. ಈಗಿನ ಅಗ್ಗದ ಟಾರ್ಚು ಕೂಡ ಅವುಗಳ ಹಲವು ಪಟ್ಟು ಬೆಳಕು ಚೆಲ್ಲುತ್ತದೆ. ಕತ್ತಲಿಗೆ ಹೊಂದಿಕೊಂಡ ಕಣ್ಣು ತನ್ನ ಪೂರ್ಣ ಸೂಕ್ಷ್ಮತೆಯನ್ನು ಪಡೆಯಲು ಅರ್ಧ ಗಂಟೆಯಷ್ಟು ಹಿಡಿಯುತ್ತದೆ. ಅದನ್ನು ಕೆಡಿಸಲು ಪ್ರಖರವಾದ ದೀಪಕ್ಕೆ ಕ್ಷಣಗಳು ಸಾಕು. ಮುಪ್ಪಿನಲ್ಲಿ ಕಣ್ಣಿನ ಮಸೂರ ಮಬ್ಬಾಗುವುದರಿಂದ ಒಳಬಂದ ಬೆಳಕು ಅಲ್ಲಿಯೇ ಚದರಿ, ನೋಟದ ಮೇಲೆ ಬಿಳಿಯ ತೆರೆ ಹಾಸಿದಂತಾಗುತ್ತದೆ. ಆ ಹಿರಿಯರಿಗೆ ತಗ್ಗು ಕಾಣದಿದ್ದುದು ಹೀಗೆಯೇ ಇರಬೇಕು.

"ಲಾರಿಯವನಿಗೆ ನಾನು ಕಾಣಬೇಡವೇ?" ಎಂಬುದು ನಮ್ಮ ವಿದ್ಯಾರ್ಥಿಗಳ ಆಕ್ಷೇಪಣೆ. ಕಾಣಲೇಬೇಕು. ಆದರೆ ಕಾಣಿಸಿಕೊಳ್ಳಲು ಬೇಕಾದ ಬೆಳಕು ಅತ್ಯಲ್ಪ. ಕಣ್ಣು ಕುಕ್ಕಿಸಿಕೊಂಡ ಚಾಲಕನಿಗೆ ನಮ್ಮ ದೂರವೂ ತಿಳಿಯದು, ನಮ್ಮ ಪಕ್ಕದಲ್ಲಿ ನಡೆಯುವವನೂ ಕಾಣನು. ಇನ್ನು ಕುಣಿ, ನಾಯಿ, ರಸ್ತೆಯ ಮೇಲೆ ಒಕ್ಕಲು ಹರವಿದ ಬೆಳೆ, ಇವುಗಳ ಭಯ ನ್ಯಾಯವಾದದ್ದೇ. ಗಂಟೆಗೆ 15 ಕಿಲೋಮೀಟರ್ ಹೋಗುವ ಬೈಸಿಕಲ್ಲು ಸೆಕೆಂಡಿಗೆ ಸುಮಾರು 4 ಮೀಟರ್ ಸಾಗುತ್ತದೆ. 20 ಮೀಟರ್ ಕಂಡರೆ ನಿಲ್ಲಲು 5 ಸೆಕೆಂಡು ದೊರೆಯಿತು.

ಗಾಜಿನ ಮೇಲರ್ಧಕ್ಕೆ ಕಪ್ಪು ಬಳಿಯುವ ಹಳೆಯ ಉಪಾಯವನ್ನು ಕೆಲವರು ಸೂಚಿಸುತ್ತಾರೆ. ಟಾರ್ಚಿಗೆ ಅದು ಸಲ್ಲದು. ಕೆಳಗಿನರ್ಧದಿಂದ ಹೊರಟ ಕಿರಣಗಳೂ ಮೊದಲಿನ ದಿಕ್ಕುಗಳಲ್ಲೇ ಹೋಗುತ್ತವೆ. ಬೆಳಕು ಅರ್ಧವಾಯಿತೇ ಹೊರತು ದಿಕ್ಕು ಬದಲಾಗಲಿಲ್ಲ.

ಸದ್ಯಕ್ಕೆ ಮಾಡಬಹುದಾದುದು ಇಷ್ಟು. ಬೈಸಿಕಲ್ಲನ್ನು ಗೋಡೆಯಿಂದ 5 ಮೀಟರ್ ದೂರ ನಿಲ್ಲಿಸಿ. ದೀಪವು ನೆಲದಿಂದ 1 ಮೀಟರ್ ಎತ್ತರದಲ್ಲಿದ್ದರೆ, ಗೋಡೆಯ ಮೇಲೆ ಬೆಳಕಿನ ಮೇಲಂಚು 75 ಸೆಂಟಿಮೀಟರ್ ಎತ್ತರಕ್ಕೆ ಬರುವಷ್ಟು ಬಗ್ಗಿಸಿ. ಆಗ ಆ ಅಂಚು 20 ಮೀಟರ್ ದೂರದಲ್ಲಿ ನೆಲವನ್ನು ಮುಟ್ಟುತ್ತದೆ. ಟಾರ್ಚಿಗೆ ಸ್ಪಷ್ಟವಾದ ಅಂಚಿಲ್ಲದಿದ್ದರೂ ಅಂದಾಜು ಸಿಕ್ಕೇ ಸಿಗುತ್ತದೆ.

2024ರ ಜುಲೈಯಲ್ಲಿ ಕರ್ನಾಟಕದ ಪೊಲೀಸರು ಕಣ್ಣು ಕುಕ್ಕುವ ದೀಪಗಳ ಮೋಟಾರು ವಾಹನಗಳ ಮೇಲೆ ರಾಜ್ಯದಾದ್ಯಂತ ಮೊಕದ್ದಮೆ ಹೂಡಿದರು. ಬೈಸಿಕಲ್ಲಿನವರನ್ನು ಹಾಗೆ ಹಿಡಿಯಬೇಕೆಂದು ನಾವು ಹೇಳುವುದಿಲ್ಲ. ಅಂಗಡಿಯಲ್ಲಿ ಸರಿಯಾದ ದೀಪವೇ ಸಿಗದಾಗ ಕೊಂಡವನಿಗೆ ದಂಡ ಹಾಕುವುದು ಯಾವ ನ್ಯಾಯ? ನಮ್ಮ ಸರಕಾರವು 2006–07ರಿಂದ ಮೊದಲ್ಗೊಂಡು ಹಲವು ವರ್ಷ ಎಂಟನೆಯ ತರಗತಿಯ ಮಕ್ಕಳಿಗೆ ಬೈಸಿಕಲ್ಲುಗಳನ್ನು ಹಂಚಿತು. ಅಂಥ ದೊಡ್ಡ ಖರೀದಿಯ ಕರಾರಿನಲ್ಲಿ ದೀಪದ ಮಾತನ್ನು ಸೇರಿಸಿ, ಅದರ ಬೆಳಕಿನ ಮೇಲಂಚು ಎಲ್ಲಿ ನಿಲ್ಲಬೇಕೆಂಬುದನ್ನೂ ಒಂದು ಸಾಲಿನಲ್ಲಿ ಬರೆದರೆ, ತಯಾರಕರು ಅಂಥ ಕನ್ನಡಿಯ ಅಚ್ಚನ್ನು ಮಾಡಿಸದೆ ಇರಲಾರರು.