ಹೊಳೆಗಲ್ಲಿನ ಅಡಿಯಲ್ಲಿ

ಮಳೆಗಾಲ ಕಳೆದು ನೀರು ತಿಳಿಯಾದ ಮಾರ್ಗಶಿರದ ಒಂದು ಬೆಳಗ್ಗೆ, ಕಳಸದ ಸಮೀಪದಲ್ಲಿ ಭದ್ರೆಯು ಬಂಡೆಗಳ ನಡುವೆ ಮೊಣಕಾಲಾಳದಲ್ಲಿ ಸದ್ದುಮಾಡುತ್ತ ಹರಿಯುವೆಡೆಗೆ ಇಳಿದು, ತೆಂಗಿನಕಾಯಿಯಷ್ಟು ದಪ್ಪದ ಕಲ್ಲೊಂದನ್ನೆತ್ತಿ ತಳವನ್ನು ಮೇಲುಮಾಡಿ ನೋಡಿದೆನು. ಮೊದಲಿಗೆ ಕಂಡುದು ಬರಿಯ ಹಸಿಗಲ್ಲು. ಕಣ್ಣು ಪಳಗಿದ ಬಳಿಕ ಕಲ್ಲೇ ಮಿಸುಕತೊಡಗಿತು. ಅಕ್ಕಿಕಾಳಿನಷ್ಟು ಉದ್ದದ, ಮೂರು ಬಾಲದೆಳೆಗಳ ಮೇಫ್ಲೈ ಮರಿಯೊಂದು ಹೊಟ್ಟೆಯ ಇಕ್ಕೆಲದ ಎಲೆಯಂಥ ಕಿವಿರುಗಳನ್ನು ಮಿಡಿಸುತ್ತ ಬೆಳಕಿನಿಂದ ಮರೆಯಾಗಲು ಹವಣಿಸುತ್ತಿದ್ದಿತು. ಅದರ ಪಕ್ಕದಲ್ಲಿ ಕ್ಯಾಡಿಸ್ ಹುಳುವೊಂದು, ತನ್ನ ಬಾಯಿಯ ರೇಷ್ಮೆಯಿಂದ ಮರಳಕಣಗಳನ್ನು ಬೆಸೆದು ಕಟ್ಟಿಕೊಂಡ ಗೂಡಿನೊಳಗಿಂದ ತಲೆಯನ್ನಷ್ಟೇ ಹೊರಚಾಚಿದ್ದಿತು.

ರೆಕ್ಕೆ ಮೂಡಿದ ಮೇಲೆ ಉಣ್ಣಲಾರದೆ ಒಂದೆರಡು ದಿನಗಳಲ್ಲಿಯೇ ಅಳಿಯುವ ಈ ಮೇಫ್ಲೈ, ಅದಕ್ಕೂ ಮುನ್ನ ಎಷ್ಟೋ ವಾರಗಳನ್ನು, ಕೆಲವು ಜಾತಿಗಳಲ್ಲಿ ತಿಂಗಳುಗಳನ್ನೇ, ಹೊಳೆಯ ತಳದಲ್ಲಿ ಕಳೆಯುವುದರಿಂದ, ಅಷ್ಟು ಕಾಲವೂ ಆ ಕಲ್ಲಿನ ಮೇಲೆ ಹರಿದುಹೋದ ನೀರೆಲ್ಲವೂ ಅದರ ಕಿವಿರುಗಳನ್ನು ಸೋಕಿಯೇ ಹೋಗಿರುತ್ತದೆ. ಪರೀಕ್ಷಕನು ತಿಂಗಳಿಗೊಮ್ಮೆ ಸೀಸೆಯಲ್ಲಿ ಹಿಡಿದೊಯ್ಯುವ ನೀರಾದರೋ ಆ ಗಳಿಗೆಯ ವೃತ್ತಾಂತವನ್ನು ಮಾತ್ರ ಹೇಳಬಲ್ಲುದು. ರಾತ್ರಿ ಯಾವುದೋ ಕಾರ್ಖಾನೆಯು ಬಿಟ್ಟ ಕೊಳಚೆಯು ಬೆಳಗಾಗುವುದರೊಳಗೆ ಹತ್ತಾರು ಮೈಲಿ ಕೆಳಗೆ ಸಾಗಿ, ಹತ್ತು ಗಂಟೆಗೆ ತುಂಬಿದ ಸೀಸೆಯು ನಿರ್ದೋಷವೆಂದು ತೋರಿದರೂ, ಕಲ್ಲಿನಡಿಯಲ್ಲಿ ಇರಬೇಕಾದ ಜೀವಿಗಳು ಇಲ್ಲವಾಗಿರುವುದನ್ನು ಮುಚ್ಚಿಡುವ ಉಪಾಯವು ಯಾರಿಗೂ ಇಲ್ಲ.

ಬೆಂಗಳೂರಿನ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟಿತೆಂಬ ಐತಿಹ್ಯವುಳ್ಳ ವೃಷಭಾವತಿಯಲ್ಲಿ ಇಂಥದೇ ಕಲ್ಲನ್ನು ಎತ್ತಿದರೆ ಕಾಣುವುದು ಬೇರೆ. ಊರಿನ ಮಲಿನವನ್ನು ಕೊಳೆಸುವ ಬ್ಯಾಕ್ಟೀರಿಯಾಗಳು ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಹೀರಿಬಿಡುವುದರಿಂದ ಅಲ್ಲಿ ಮೇಫ್ಲೈಗೆ ಉಸಿರಾಡುವ ಆಸ್ಪದವಿಲ್ಲ. ಕಪ್ಪು ಲೋಳೆಯಲ್ಲಿ ಉಳಿಯತಕ್ಕವು, ಮೈಯಲ್ಲಿ ಹಿಮೋಗ್ಲೋಬಿನ್ ಇರುವುದರಿಂದ ಅತ್ಯಲ್ಪ ಆಮ್ಲಜನಕವನ್ನೂ ಹಿಡಿದಿಟ್ಟುಕೊಳ್ಳಬಲ್ಲ ಕೆಂಪು ಕೈರೋನೊಮಿಡ್ ಮರಿಗಳು, ಕೆಸರಿನಲ್ಲಿ ತಲೆ ಹುದುಗಿಸಿ ಬಾಲವನ್ನು ತೊನೆಯುವ ಟ್ಯೂಬಿಫೆಕ್ಸ್ ಹುಳುಗಳು. ಜೀವವು ಇಲ್ಲವೇ ಇಲ್ಲವೆಂದಲ್ಲ. ನೂರು ಕುಲಗಳು ಬಾಳಬೇಕಾದೆಡೆ ಎರಡು ಮೂರು ಕುಲಗಳು ಲೆಕ್ಕವಿಲ್ಲದಷ್ಟು ತುಂಬಿಕೊಂಡಿವೆ. ಈ ನೀರೇ ಬೈರಮಂಗಲದ ಕೆರೆಯನ್ನು ಹಾದು, ಅರ್ಕಾವತಿಯನ್ನು ಸೇರಿ, ಸಂಗಮದಲ್ಲಿ ಕಾವೇರಿಗೆ ಬೀಳುವುದೆಂಬುದನ್ನು ನೆನೆದರೆ ಎದೆ ಭಾರವಾಗುತ್ತದೆ.

ವಿಷವಲ್ಲದ ವಸ್ತುವೂ ಹೊಳೆಯ ತಳವನ್ನು ಕೊಲ್ಲಬಲ್ಲುದೆಂಬುದಕ್ಕೆ ಭದ್ರೆಯೇ ನಿದರ್ಶನ. ಕುದುರೆಮುಖದ ಕಬ್ಬಿಣದ ಗಣಿಯಿಂದ ಮುಂಗಾರಿನಲ್ಲಿ ಕೊಚ್ಚಿಬಂದ ಮಣ್ಣು ವರ್ಷಗಳ ಕಾಲ ಈ ನದಿಗೆ ಇಳಿಯುತ್ತಿದ್ದಿತು. ಸುಪ್ರೀಂ ಕೋರ್ಟಿನ 2002ರ ಆದೇಶದ ಫಲವಾಗಿ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ನಯವಾದ ಮಣ್ಣು ಕಲ್ಲುಕಲ್ಲುಗಳ ನಡುವಣ ಸಂದುಗಳನ್ನು ತುಂಬಿದೊಡನೆ ಆ ಸಂದುಗಳಲ್ಲಿಯೇ ಮನೆಮಾಡಿಕೊಂಡಿದ್ದ ಜೀವಿಗಳು ನಿರ್ಗತಿಕವಾಗುತ್ತವೆ, ಕಿವಿರುಗಳು ಕಟ್ಟಿಕೊಳ್ಳುತ್ತವೆ. ನೀರಿನಲ್ಲಿ ಆಮ್ಲಜನಕವು ಯಥೇಷ್ಟವಾಗಿದ್ದರೂ ಈ ಹಾನಿಯು ತಪ್ಪದು. ಲಾರಿಗಟ್ಟಲೆ ಮರಳನ್ನು ಬಗೆದೊಯ್ಯುವವರಿಂದಾಗುವ ಕೇಡೂ ಈ ಜಾತಿಯದೇ. ಶೃಂಗೇರಿಯ ಸ್ನಾನಘಟ್ಟದಲ್ಲಿ ತುಂಗೆಯ ಮೀನುಗಳನ್ನು ದೇವರ ಮೀನುಗಳೆಂದು ಕೈಮುಗಿದು ಸಲಹುವ ನಾವು, ಆಚೆ ಹೊಳೆಯಲ್ಲಿ ಅಂಥವೇ ಮೀನುಗಳು ಈ ಹುಳುಗಳನ್ನೂ ತಿಂದು ಬದುಕುತ್ತವೆಂಬುದನ್ನು ಮರೆಯಲಾಗದು.

ಹೀಗೆ ಕಲ್ಲಿನಡಿಯನ್ನು ನೋಡಿ ನೀರನ್ನು ಅರಿಯುವುದು ಹೊಸ ವಿದ್ಯೆಯೇನಲ್ಲ. ತಳಜೀವಿಗಳನ್ನು ನೋಡಿ ನೀರಿನ ಮಾಲಿನ್ಯವನ್ನು ಅಳೆಯುವ ಕ್ರಮವನ್ನು ಜರ್ಮನಿಯ ಕೋಲ್ಕ್‌ವಿಟ್ಸ್ ಮತ್ತು ಮಾರ್ಸನ್ನರು 1909ರಷ್ಟು ಹಿಂದೆಯೇ ಪ್ರಕಟಿಸಿದ್ದರು. ಬ್ರಿಟನ್ನಿನವರು ಒಂದೊಂದು ಕುಲಕ್ಕೂ 1ರಿಂದ 10ರವರೆಗೆ ಅಂಕ ಗೊತ್ತುಮಾಡಿದರು. ನಮ್ಮ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯೂ ಇಂಥದೊಂದು ಜೈವಿಕ ಮಾನದಂಡವನ್ನು ರೂಪಿಸಿದೆ. ಕರ್ನಾಟಕದ ಪ್ರತಿಯೊಂದು ನದಿಯ ಪ್ರತಿಯೊಂದು ಹರಹಿಗೂ, ರಾಸಾಯನಿಕ ಪರೀಕ್ಷೆಯ ಅಂಕಿಗಳ ಪಕ್ಕದಲ್ಲಿಯೇ, ತಳಜೀವಿಗಳ ಗಣತಿಯನ್ನೂ ವರ್ಷಕ್ಕೆರಡು ಸಲ ಕನ್ನಡದಲ್ಲಿ ಪ್ರಕಟಿಸಬೇಕೆಂಬುದು ನನ್ನ ಆಗ್ರಹ. ಇಂಗ್ಲೆಂಡಿನ ಹೊಳೆಗಳಿಗೆಂದು ಮಾಡಿದ ಅಂಕಗಳನ್ನು ಸಹ್ಯಾದ್ರಿಯ ಜೀವಿಗಳ ಮೇಲೆ ಹಾಗೆಯೇ ಹೊರಿಸದೆ, ಅದೇ ಋತುವಿನಲ್ಲಿ, ಅದೇ ಬಗೆಯ ತಳವುಳ್ಳ, ಕೆಡದೆ ಉಳಿದಿರುವ ಹರಹಿನೊಡನೆ ತೂಗಿನೋಡುವುದು ನ್ಯಾಯ. ಮರಳಿನ ತಳದಲ್ಲಿ ಕಲ್ಲಿನ ಜೀವಿಗಳನ್ನು ಅರಸಿ ಕಾಣದೆ ನದಿಯನ್ನು ದೂರಲಾಗದು.

ಈ ಕಾರ್ಯಕ್ಕೆ ನದೀತೀರದ ಪ್ರೌಢಶಾಲೆಗಳನ್ನು ಕೂಡಿಸಿಕೊಳ್ಳಲು ಹೆಚ್ಚಿನ ಹಣ ಬೇಕಾಗದು. ಒಂದು ಬಿಳಿಯ ತಟ್ಟೆ, ಚಹಾ ಸೋಸುವ ಜರಡಿ, ಒಂದು ಭೂತಗನ್ನಡಿ, ಜೊತೆಗೆ ಹೊಳೆಯ ಸೆಳವನ್ನು ಬಲ್ಲ ಹಿರಿಯರೊಬ್ಬರು ಇದ್ದರೆ ಸಾಕು. ನೋಡಿದ ಮೇಲೆ ಕಲ್ಲನ್ನು ಎತ್ತಿದ ಜಾಗದಲ್ಲಿಯೇ, ಅಡಿಯಾಗಿದ್ದ ಮಗ್ಗುಲನ್ನು ಅಡಿಯಾಗಿಯೇ, ಮೆಲ್ಲನೆ ಇಡತಕ್ಕುದೆಂದು ಮಕ್ಕಳಿಗೆ ಮೊದಲ ದಿನವೇ ಹೇಳಿಕೊಡಬೇಕು.